ಸಮವಸ್ತ್ರದ ಋಣ

ಸಿರಾ ತಾಲ್ಲೂಕಿನ ಮದಲೂರಿನಿಂದ ಮಧುಗಿರಿ, ಕೊರಟಗೆರೆ, ಪಾವಗಡಗಳವರೆಗೆ ಹರಡಿರುವ ಈ ಸೀಮೆಯಲ್ಲಿ ಮಳೆಗೆ ಬರವುಂಟು, ಕೋಟೆಗಳಿಗೆ ಬರವಿಲ್ಲ. ಮಧುಗಿರಿಯ ಏಕಶಿಲೆಯ ಮೇಲಿನ ದುರ್ಗ, ಪಾವಗಡದ ಬೆಟ್ಟ, ನಿಡಗಲ್ಲು, ಒಂದು ಕಾಲಕ್ಕೆ ಮೊಗಲರ ಸುಬೇದಾರರಿಗೆ ರಾಜಧಾನಿಯಾಗಿದ್ದ ಸಿರಾ—ಇವುಗಳನ್ನು ಕಟ್ಟಿದವರ ಹೆಸರೂ ಗೆದ್ದವರ ಹೆಸರೂ ನಮಗೆ ಗೊತ್ತು. ಆದರೆ ಆ ಬುರುಜುಗಳ ಮೇಲೆ ನಿದ್ದೆಗೆಟ್ಟು ನಿಂತವನು ಏನನ್ನು ಉಟ್ಟಿದ್ದ, ಏನನ್ನು ಉಂಡ, ಕಾವಲು ತೀರಿದ ಮೇಲೆ ಅವನ ಗತಿ ಏನಾಯಿತು ಎಂದು ಕೇಳುವವರು ವಿರಳ. ಇಂದು ನಾನು ಆ ಪ್ರಶ್ನೆಯನ್ನೇ ಕೇಳಬಯಸುತ್ತೇನೆ.

ನಮ್ಮ ನಾಡಿನ ಯೋಧನ ಅತ್ಯಂತ ಹಳೆಯ ಭಾವಚಿತ್ರ ವೀರಗಲ್ಲಿನಲ್ಲಿದೆ. ಕೆಳಗಿನ ಪಟ್ಟಿಕೆಯಲ್ಲಿ ಹೋರಾಟ, ನಡುವೆ ಅಪ್ಸರೆಯರು ಅವನನ್ನು ಕರೆದೊಯ್ಯುವ ದೃಶ್ಯ, ಮೇಲೆ ಶಿವಸನ್ನಿಧಿ. ಸೊಂಟಕ್ಕೆ ಬಿಗಿದ ಒಂದು ವಸ್ತ್ರ, ನಡುಪಟ್ಟಿಯಲ್ಲಿ ಕಠಾರಿ, ಎತ್ತಿ ಕಟ್ಟಿದ ಮುಡಿ: ಅವನ ವೇಷ ಹೆಚ್ಚು ಕಡಿಮೆ ಇಷ್ಟೆ. ಊರ ತುರುಗಳನ್ನು ಕಳ್ಳರು ಹೊಡೆದುಕೊಂಡು ಹೋದಾಗ ಬೆನ್ನಟ್ಟಿ ಸತ್ತವನಿಗೆ ಸಮವಸ್ತ್ರವೆಂಬುದು ಇರಲಿಲ್ಲ. ಆದರೆ ಶಾಸನಗಳನ್ನು ಓದಿದವರಿಗೆ ಇನ್ನೊಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಸತ್ತವನ ಮನೆಯವರಿಗೆ ನೆಲ ಕೊಟ್ಟ ಮಾತು ಅಲ್ಲಿ ಮತ್ತೆ ಮತ್ತೆ ಬರುತ್ತದೆ. ಆ ದತ್ತಿಗೆ 'ನೆತ್ತರುಗೊಡಗೆ' ಎಂದು ಹೆಸರು. 'ಬಾಳ್ಗಳ್ಚು' ಎಂದರೆ ಕತ್ತಿ ತೊಳೆದು ಕೊಟ್ಟ ಭೂಮಿ. ಮೈಮೇಲೆ ಅರಸನ ಬಟ್ಟೆ ಇರದವನ ಋಣವನ್ನೂ ಕಲ್ಲಿನಲ್ಲಿ ಬರೆಸಿ ತೀರಿಸಿದ ಕಾಲ ಅದು. ಎಲ್ಲ ಯೋಧರಿಗೂ ಅದು ಸಂದಿತೆಂದು ನಾನು ಹೇಳುವುದಿಲ್ಲ. ಸಲ್ಲಬೇಕೆಂಬ ತಿಳಿವಳಿಕೆ ಇತ್ತು ಎಂಬುದಷ್ಟೇ ನನ್ನ ಮಾತು.

ಆ ತಿಳಿವಳಿಕೆಯ ಒಂದು ಎಳೆ ಮೈಸೂರಿನ ಕಂದಾಚಾರದಲ್ಲಿಯೂ ಉಳಿದುಬಂದಿತು. ಕಂದಾಚಾರದ ಆಳು ತನ್ನ ಹಳ್ಳಿಯಲ್ಲಿಯೇ ಇದ್ದು ಹೊಲ ಉಳುತ್ತಿದ್ದ. ಕರೆ ಬಂದಾಗ ಕತ್ತಿಯನ್ನೋ ಕೋವಿಯನ್ನೋ ಹಿಡಿದು ಹೊರಡುತ್ತಿದ್ದ. ಅವನ ಸಂಬಳದಲ್ಲಿ ಒಂದು ಪಾಲು ಹಣ, ಒಂದು ಪಾಲು ಭೂಮಿ. ಯುದ್ಧವಿಲ್ಲದ ದಿನಗಳಲ್ಲಿ ಊರ ಕಾವಲು, ಕಂದಾಯದ ವಸೂಲಿಗೆ ನೆರವು ಇವೂ ಅವನವೇ. ಅವನ ಉಡುಪು ರೈತನ ಉಡುಪು. ದಂಡಿನಿಂದ ಹಿಂದಿರುಗಿದವನು ಮರುದಿನ ನೇಗಿಲು ಹಿಡಿದರೆ ಯಾರೂ ಅಚ್ಚರಿಪಡುತ್ತಿರಲಿಲ್ಲ.

ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ಚಿತ್ರ ಬದಲಾಯಿತು. 1761ರಲ್ಲಿ ಸಿರಾದ ನವಾಬನೆಂಬ ಬಿರುದು ಪಡೆದ ಹೈದರ್, ಯೂರೋಪಿನ ಕ್ರಮದಲ್ಲಿ ಕವಾಯತು ಕಲಿತ ಪದಾತಿಯನ್ನು ಬೆಳೆಸಿದ. ಟಿಪ್ಪು ಅದಕ್ಕೆ ಶಾಸ್ತ್ರವನ್ನೇ ಬರೆಸಿದ. ಅವನ ಆಜ್ಞೆಯಂತೆ ಜೈನುಲ್ ಆಬಿದೀನ್ ಶುಸ್ತರಿ ರಚಿಸಿದ 'ಫತ್‌ಹುಲ್ ಮುಜಾಹಿದೀನ್' ಎಂಬ ಫಾರ್ಸಿ ಕೈಪಿಡಿ ಸಾಲು ನಿಲ್ಲುವ, ಬಂದೂಕು ತುಂಬುವ, ಬಾಣದ ಆಳುಗಳನ್ನು ನಡೆಸುವ ರೀತಿಯನ್ನು ಹೇಳುತ್ತದೆ. ಸಿಪಾಯಿಗೆ ಹುಲಿಯ ಪಟ್ಟೆಯನ್ನು ಹೋಲುವ ಗುರುತುಳ್ಳ ನೇರಳೆ ಬಣ್ಣದ ಬಟ್ಟೆ ಬಂದಿತು. ಆ ಬಟ್ಟೆ ತೊಟ್ಟ ಕ್ಷಣದಿಂದ ಅವನು ಇಂಥ ಊರಿನ ಇಂಥವನ ಮಗನಾಗಿ ಉಳಿಯಲಿಲ್ಲ, ಸರ್ಕಾರದ ಆಳಾದ. ಅವನ ಹೊಟ್ಟೆಯ ಹೊಣೆಯೂ ಸರ್ಕಾರದ ಮೇಲೆ ಬಿತ್ತು. ಸಮವಸ್ತ್ರದ ನಿಜವಾದ ಅರ್ಥ ಇದೇ ಎಂದು ನನಗೆ ತೋರುತ್ತದೆ. ಅದು ಎರಡು ಕಡೆಯವರೂ ಒಪ್ಪಿದ ಕರಾರು.

ಅದೇ ವರ್ಷಗಳಲ್ಲಿ ಭೂಮಿಯ ಇನ್ನೊಂದು ಮಗ್ಗುಲಲ್ಲಿ ಅಮೆರಿಕದ ಹೊಸ ಗಣರಾಜ್ಯವೂ ಇದೇ ಕರಾರನ್ನು ಬರೆಯುತ್ತಿತ್ತು. ಆಂಗ್ಲರೆಂಬ ಒಂದೇ ವೈರಿಯ ಕಾರಣದಿಂದ ಆ ಜನಕ್ಕೆ ಹೈದರನ ಹೆಸರು ಅಪರಿಚಿತವಾಗಿರಲಿಲ್ಲ. 1782ರ ಏಪ್ರಿಲ್ 8ರಂದು ಡೆಲಾವೇರ್ ಕೊಲ್ಲಿಯಲ್ಲಿ ಆಂಗ್ಲರ ನೌಕೆಯೊಂದನ್ನು ಸೆರೆಹಿಡಿದ ಪೆನ್ಸಿಲ್ವೇನಿಯದ ಹಡಗಿನ ಹೆಸರೇ 'ಹೈದರ್ ಅಲಿ'. ಅವರ ಸೈನ್ಯದ ಬಹುಪಾಲೂ ನೇಗಿಲು ಬಿಟ್ಟು ಬಂದ ರೈತರದು. 1777ರ ಡಿಸೆಂಬರಿನಲ್ಲಿ, ವ್ಯಾಲಿ ಫೋರ್ಜ್ ಎಂಬಲ್ಲಿ ಬೀಡುಬಿಟ್ಟ ವಾಷಿಂಗ್ಟನ್ ತನ್ನ ಸರ್ಕಾರಕ್ಕೆ ಬರೆದ: ಕಾಲಿಗೆ ಜೋಡಿಲ್ಲದೆ, ಮೈಗೆ ಬಟ್ಟೆಯಿಲ್ಲದೆ ಕೆಲಸಕ್ಕೆ ಬಾರದವರಾದ ಸೈನಿಕರು 2,898. ಆ ಬೀಡಿನಲ್ಲಿ ಸುಮಾರು 2,000 ಮಂದಿ ರೋಗರುಜಿನಗಳಿಂದ ಸತ್ತರು. ಕವಾಯತು ಕಲಿಸಲು ಪ್ರಷ್ಯದ ಸ್ಟಾಯ್ಬೆನ್ ಬಂದ. 1779ರಲ್ಲಿ ಅವನ ಕೈಪಿಡಿಯೂ ಹೊರಬಿತ್ತು. ಅದೇ ವರ್ಷದ ಅಕ್ಟೋಬರಿನಲ್ಲಿ, ಎಲ್ಲರ ಕೋಟೂ ನೀಲಿ ಇರತಕ್ಕದ್ದು, ಅಂಚಿನ ಬಣ್ಣ ಮಾತ್ರ ಪ್ರಾಂತ್ಯಕ್ಕೆ ತಕ್ಕಂತೆ ಬಿಳಿ, ಕೆಂಪು, ತಿಳಿಹಳದಿ ಎಂದು ಆಜ್ಞೆಯಾಯಿತು. ಆಜ್ಞೆ ಬೇಗ ಬಂತು, ಬಟ್ಟೆ ಬರಲು ತಡವಾಯಿತು.

ಆದರೆ ಕರಾರಿನ ಪರೀಕ್ಷೆ ಕೋಟು ತೊಡುವಾಗ ನಡೆಯುವುದಿಲ್ಲ, ಕಳಚುವಾಗ ನಡೆಯುತ್ತದೆ. 1783ರಲ್ಲಿ ಗೆದ್ದ ಅಮೆರಿಕದ ಸೈನಿಕನಿಗೆ ಸಂಬಳದ ಬಾಕಿ ಉಳಿದಿತ್ತು. ಆ ಜೂನ್ ತಿಂಗಳಲ್ಲಿ ಸಿಪಾಯಿಗಳು ಫಿಲಡೆಲ್ಫಿಯದ ಸಭಾಭವನವನ್ನು ಮುತ್ತಿದರು. ಗಣರಾಜ್ಯದ ಪ್ರತಿನಿಧಿಗಳು ಪ್ರಿನ್ಸ್‌ಟನ್ನಿಗೆ ಸ್ಥಳ ಬದಲಾಯಿಸಬೇಕಾಯಿತು. ಇತ್ತ 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಹುಲಿಪಟ್ಟೆಯ ಸೈನ್ಯ ಚದುರಿತು. ಕೆಲವರಿಗೆ ಪೂರ್ಣಯ್ಯನವರ ಆಡಳಿತದಲ್ಲಿ ಕೆಲಸ ದೊರೆಯಿತು. ಕೆಲಸ ಸಿಗದ ಅನೇಕರು, ಸೆರೆಯಿಂದ ಪಾರಾದ ಧೋಂಡಿಯಾ ವಾಘನ ಬಳಗ ಸೇರಿದರು. 1800ರ ಸೆಪ್ಟೆಂಬರ್ 10ರಂದು ಕೋಣಗಲ್ಲಿನಲ್ಲಿ ಆರ್ಥರ್ ವೆಲ್ಲೆಸ್ಲಿಯ ಕುದುರೆ ದಂಡು ಅವನನ್ನು ಕೊಲ್ಲುವವರೆಗೆ ಆ ಕಾಳಗ ನಡೆಯಿತು. ವಿಜಯಿಯ ಲೇಖನಿ ಅವರನ್ನು ದರೋಡೆಕೋರರೆಂದು ಬರೆಯಿತು. ನಿನ್ನೆಯವರೆಗೆ ಸಿಪಾಯಿಯಾಗಿದ್ದವನು ಒಂದು ವರ್ಷದೊಳಗೆ ದರೋಡೆಕೋರನಾದದ್ದು ಹೇಗೆ? ಅವನ ಮೈಮೇಲಿನ ಬಟ್ಟೆಗೆ ಹೊಣೆ ಹೊತ್ತಿದ್ದ ಸರ್ಕಾರ ಇಲ್ಲವಾಗಿತ್ತು. ಹೊಲವನ್ನು ಬಿಟ್ಟುಬಂದು ಬಹುಕಾಲವಾಗಿತ್ತು. ಕಂದಾಚಾರದವನಿಗೆ ಹಿಂದಿರುಗಲು ಒಂದು ಹೊಲವಾದರೂ ಇತ್ತು. ಇವನಿಗೆ ಕತ್ತಿಯೊಂದೇ ಉಳಿಯಿತು.

ಅಮೆರಿಕ ತನ್ನ ಋಣವನ್ನು ನೆನೆದದ್ದು ತಡವಾಗಿ. ಬಡತನದಲ್ಲಿರುವ ಹಳೆಯ ಸೈನಿಕನಿಗೆ ತಿಂಗಳಿಗೆ 8 ಡಾಲರ್ ವಿಶ್ರಾಂತಿ ವೇತನ ಕೊಡುವ ಕಾಯಿದೆ 1818ರಲ್ಲಿ ಬಂದಿತು. ಎರಡು ವರ್ಷಗಳ ಬಳಿಕ, ಆ ಮುದುಕರು ತಮ್ಮ ಮನೆಯ ಪಾತ್ರೆ ಪಡಗಗಳ ಪಟ್ಟಿ ಕೊಟ್ಟು ಬಡತನವನ್ನು ರುಜುವಾತುಪಡಿಸಬೇಕೆಂಬ ಕಟ್ಟಳೆಯೂ ಬಂದಿತು. ಕತ್ತಿ ತೊಳೆದು ಭೂಮಿ ಕೊಟ್ಟವರ ಮರ್ಯಾದೆಗೂ ಪಾತ್ರೆ ಎಣಿಸಿ ಹಣ ಕೊಟ್ಟವರ ಮರ್ಯಾದೆಗೂ ಇರುವ ಅಂತರವನ್ನು ವಾಚಕರೇ ತೂಗಿ ನೋಡಲಿ.

ಇದೆಲ್ಲ ಹಳೆಯ ಕತೆಯೆಂದು ತಳ್ಳಿಹಾಕುವಂತಿಲ್ಲ. ಮಳೆಯನ್ನೇ ನಂಬಿದ ಈ ತಾಲ್ಲೂಕುಗಳ ಹುಡುಗನಿಗೆ ಸೈನ್ಯದ ಉಡುಪು ಎಂದರೆ ದೇಶಸೇವೆಯೂ ಹೌದು, ಮನೆಗೆ ತಪ್ಪದೆ ಬರುವ ಸಂಬಳವೂ ಹೌದು. ಎರಡನೆಯದನ್ನು ಹೇಳಲು ನಾಚಬೇಕಾದ್ದಿಲ್ಲ. 2022ರಲ್ಲಿ ಪ್ರಕಟವಾದ ಅಗ್ನಿಪಥ ಯೋಜನೆ ಆ ಕರಾರನ್ನು ಬದಲಾಯಿಸಿತು. ಪ್ರಕಟವಾದ ನಿಯಮದಂತೆ ಸೇವೆ ನಾಲ್ಕು ವರ್ಷ. ಆಮೇಲೆ ನೂರಕ್ಕೆ 25 ಮಂದಿಯವರೆಗೆ ಮಾತ್ರ ಮುಂದುವರಿಯುವರು. ಉಳಿದವರು ವಿಶ್ರಾಂತಿ ವೇತನವಿಲ್ಲದೆ, ಸೇವಾ ನಿಧಿಯ ಒಂದು ಗಂಟನ್ನು ಹಿಡಿದು ಊರಿಗೆ ಮರಳುವರು. ಸೈನ್ಯ ತರುಣವಾಗಿರಬೇಕು, ಬೊಕ್ಕಸದ ಭಾರ ಇಳಿಯಬೇಕು ಎಂಬ ವಾದದಲ್ಲಿ ಹುರುಳಿಲ್ಲವೆನ್ನಲಾರೆ. ಆದರೆ ಕವಾಯತು ಕಲಿತು ಇಪ್ಪತ್ತೈದರ ಒಳಗೆ ಬಟ್ಟೆ ಕಳಚಿದವನಿಗೆ ಹಿಂದಿರುಗಲು ಯಾವ ಹೊಲವಿದೆ, ಅದಕ್ಕೆ ಯಾವ ಕೆರೆಯ ನೀರಿದೆ ಎಂದು ಮದಲೂರಿನಂಥ ಊರುಗಳು ಕೇಳಿದರೆ ಅದು ದ್ರೋಹದ ಮಾತಲ್ಲ, ಲೆಕ್ಕದ ಮಾತು.

ಆದುದರಿಂದ ನನ್ನ ವಿನಂತಿ ಎರಡು. ಸರ್ಕಾರ ನಾಲ್ಕು ವರ್ಷ ದುಡಿಸಿಕೊಂಡವನಿಗೆ ಐದನೆಯ ವರ್ಷದ ದಾರಿಯನ್ನು ಬರವಣಿಗೆಯಲ್ಲಿ ಕೊಡಲಿ. ಆದ್ಯತೆ, ಅವಕಾಶ ಎಂಬ ಮಾತುಗಳಿಂದ ಅಡಕೆಯ ಚೂರೂ ಕೊಳ್ಳಲಾಗದು. ನಮ್ಮ ಊರುಗಳ ಉಪಾಧ್ಯಾಯರೂ ಪಂಚಾಯತಿಗಳೂ ಕೆರೆಯ ಏರಿ, ಹೊಲದ ಬದುಗಳಲ್ಲಿ ಬಿದ್ದಿರುವ ವೀರಗಲ್ಲುಗಳನ್ನು ಎತ್ತಿ ನಿಲ್ಲಿಸಲಿ. ಅವು ಬರಿಯ ಪೂಜೆಯ ಕಲ್ಲುಗಳಲ್ಲ. ಪ್ರಾಣ ಕೊಟ್ಟವನ ಮನೆಗೆ ನಾಡು ಏನು ಕೊಡಬೇಕೆಂಬುದಕ್ಕೆ ಉಳಿದಿರುವ ದಾಖಲೆಗಳು. ಸಾಲಪತ್ರವನ್ನು ಬಟ್ಟೆ ಒಗೆಯುವ ಕಲ್ಲಾಗಿ ಬಳಸುವ ಮನೆತನ ಬಹುಕಾಲ ಮರ್ಯಾದೆಯಿಂದ ಬಾಳಲಾರದು.