ಉದ್ಯೋಗಾರ್ಥಿಗಳಾದ ವ್ಯವಸಾಯ ವಿದ್ಯಾರ್ಥಿಗಳಿಗೆ ಒಂದು ಬಿನ್ನಹ

(ಲೇಖಕರು: ಒಬ್ಬ ವ್ಯವಸಾಯ ಇನ್‌ಸ್ಪೆಕ್ಟರು)

1913ರಲ್ಲಿ ಹೆಬ್ಬಾಳದಲ್ಲಿ ವ್ಯವಸಾಯ ಪಾಠಶಾಲೆಯು ಸ್ಥಾಪಿತವಾದ ಕಾಲದಲ್ಲಿ ಈ ಶಾಸ್ತ್ರವನ್ನು ಕಲಿತವರು ನಾಡಿನಲ್ಲಿ ಬಹು ವಿರಳರಾಗಿದ್ದರು. ಈಗಲಾದರೋ ಬೆಂಗಳೂರು, ಧಾರವಾಡ, ರಾಯಚೂರು, ಶಿವಮೊಗ್ಗಗಳ ವಿಶ್ವವಿದ್ಯಾನಿಲಯಗಳಿಂದ ಪ್ರತಿವರ್ಷವೂ ಅನೇಕ ತರುಣ ತರುಣಿಯರು ತೇರ್ಗಡೆಯಾಗಿ ಹೊರಬರುತ್ತಿರುವರು. ಇದು ಸಂತೋಷದ ಸಂಗತಿಯೇ ಸರಿ. ಆದರೆ ಓದಿದ್ದಾಯಿತು, ಕೆಲಸವು ದೊರೆಯಲಿಲ್ಲವೆಂಬ ಕೊರಗೂ ಇದರೊಡನೆ ಕೇಳಿಬರುತ್ತಿರುವುದು. ಸರ್ಕಾರದ ಹುದ್ದೆಗಳಿಗೆ ಸ್ಪರ್ಧಾ ಪರೀಕ್ಷೆಗಳುಂಟು. ಬೀಜದ ಕಂಪೆನಿ, ಸಸಿಮಡಿ, ತೋಟ, ರೈತ ಉತ್ಪಾದಕ ಸಂಸ್ಥೆ ಮೊದಲಾದೆಡೆಗಳಲ್ಲಿ ಉದ್ಯೋಗವನ್ನು ಅರಸುವವರನ್ನು ಕುರಿತು ನಾಲ್ಕು ಮಾತುಗಳನ್ನು ಹೇಳಬಯಸುತ್ತೇನೆ.

ಸುಮಾರು ಇಪ್ಪತ್ತು ವರ್ಷಗಳ ಹಿಂದೆ ನಾನು ಒಂದೇ ಅರ್ಜಿಯನ್ನು ನಕಲು ಮಾಡಿ ಹತ್ತಾರು ಕಡೆಗೆ ಕಳುಹಿಸಿದ್ದೆನು. ಒಂದು ದೊಡ್ಡ ತೋಟದ ಯಜಮಾನರು ನನ್ನನ್ನು ಕರೆಸಿ, ಅಂಕಪಟ್ಟಿಯನ್ನು ಮಡಿಸಿಟ್ಟು, ಪರೀಕ್ಷೆಗಾಗಿ ಮಣ್ಣಿನ ಮಾದರಿಯನ್ನು ತೆಗೆಯಿರೆಂದು ಕೈಗೆ ಗುದ್ದಲಿಯನ್ನು ಕೊಟ್ಟರು. ನಾನು ಬದುವಿನ ಪಕ್ಕದಲ್ಲಿ ಮೇಲುಮಣ್ಣನ್ನು ಕೆರೆದು ಒಂದು ಚೀಲವನ್ನು ತುಂಬಿದೆನು. ಅವರು ಕೋಪಗೊಳ್ಳದೆ, "ಈ ಮಣ್ಣನ್ನು ನಂಬಿ ನಾನು ಗೊಬ್ಬರ ಕೊಂಡರೆ ನಷ್ಟ ಯಾರಿಗಪ್ಪಾ?" ಎಂದಷ್ಟೇ ಕೇಳಿದರು. ಕೆಲಸವು ದೊರೆಯಲಿಲ್ಲ. ಆ ಪ್ರಶ್ನೆಯು ಮಾತ್ರ ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಮಾದರಿಯನ್ನು ತೆಗೆಯುವ ಕ್ರಮವು ನನಗೆ ಪುಸ್ತಕದಲ್ಲಿ ಕಂಠಸ್ಥವಾಗಿದ್ದಿತು. ಬದು, ತಿಪ್ಪೆ, ಮರದ ನೆರಳುಗಳನ್ನು ಬಿಟ್ಟು ಹೊಲದ ಹತ್ತು ಹದಿನೈದು ಕಡೆಗಳಲ್ಲಿ 15 ಸೆಂಟಿಮೀಟರು ಆಳದ ಗುಳಿಗಳನ್ನು ತೋಡಿ, ಪಕ್ಕದಿಂದ ಮೇಲಿನಿಂದ ಕೆಳಗಿನವರೆಗೆ ತೆಳುವಾಗಿ ಮಣ್ಣನ್ನು ಕೆತ್ತಿ, ಎಲ್ಲವನ್ನೂ ಬೆರೆಸಿ, ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡನ್ನು ತೆಗೆದುಹಾಕುತ್ತ ಅರ್ಧ ಕಿಲೋಗ್ರಾಮನ್ನು ಉಳಿಸಿಕೊಳ್ಳತಕ್ಕದ್ದು. ಬಾಯಿಗೆ ಬಂದ ವಿದ್ಯೆಯು ಕೈಗೆ ಬಂದಿರಲಿಲ್ಲ.

ಆದುದರಿಂದ ಉದ್ಯೋಗಾರ್ಥಿಗಳು ಮೊದಲು ಮಾಡಬೇಕಾದುದೇನೆಂದರೆ, ಅರ್ಜಿಯನ್ನು ಬರೆಯುವುದಕ್ಕೆ ಮುಂಚೆ ಆ ಸಂಸ್ಥೆಯ ಬೆಳೆ ಯಾವುದು, ನೆಲವೆಂಥದು, ಅಲ್ಲಿನ ತೊಂದರೆಯೇನು ಎಂಬುದನ್ನು ವಿಚಾರಿಸಿ ತಿಳಿಯುವುದು. ಅಡಕೆಯ ತೋಟಕ್ಕೂ ತೊಗರಿಯ ಬೀಜದ ಕಂಪೆನಿಗೂ ಒಂದೇ ಅರ್ಜಿಯು ಸಲ್ಲದು. ಎರಡನೆಯದಾಗಿ, ಒಂದು ಬೆಳೆಯನ್ನಾದರೂ ಬಿತ್ತನೆಯಿಂದ ಒಕ್ಕಣೆಯವರೆಗೆ ಅನುಸರಿಸಿ, ಬಿತ್ತಿದ ದಿನ, ಬೀಜದ ಪ್ರಮಾಣ, ಮಳೆ, ರೋಗ, ಖರ್ಚು, ಇಳುವರಿಗಳನ್ನು ಸ್ವಹಸ್ತದಿಂದ ಬರೆದಿಟ್ಟ ಪುಸ್ತಕವೊಂದನ್ನು ಜೊತೆಯಲ್ಲಿ ಒಯ್ಯಿರಿ. ತಪ್ಪಿದ್ದನ್ನೂ ಅದರಲ್ಲಿ ಮರೆಮಾಚದೆ ಬರೆಯಿರಿ. ನಾನು ಮರುವರ್ಷ ನಮ್ಮ ತಂದೆಯವರ ರಾಗಿಯ ಹೊಲದಲ್ಲಿ ಅಂಥದೊಂದನ್ನು ಬರೆದೆನು. ಮುಂದಿನ ಸಂದರ್ಶನದಲ್ಲಿ ನನ್ನನ್ನು ಕೇಳಿದ ಪ್ರಶ್ನೆಗಳೆಲ್ಲವೂ ಆ ಪುಸ್ತಕದಿಂದಲೇ ಹುಟ್ಟಿದವು. ಮೂರನೆಯದಾಗಿ, ತಿಳಿಯದುದನ್ನು ತಿಳಿಯದೆಂದೇ ಹೇಳಿರಿ. ಹಳೆಯ ಎಲೆಗಳು ಮೊದಲು ಹಳದಿಯಾದರೆ ಸಾರಜನಕದ ಕೊರತೆಯನ್ನೂ, ಎಳೆಯ ಎಲೆಗಳು ಮೊದಲು ಹಳದಿಯಾದರೆ ಕಬ್ಬಿಣದ ಅಥವಾ ಗಂಧಕದ ಕೊರತೆಯನ್ನೂ ಶಂಕಿಸಬೇಕಾಗುವುದು. ಇಲ್ಲಿ ಧೈರ್ಯವಾಗಿ ಆಡಿದ ತಪ್ಪು ಮಾತಿಗೆ ರೈತನು ಹಣವನ್ನು ತೆರುವನು.

ಶಿಫಾರಸಿಲ್ಲದೆ ಯಾವುದೂ ನಡೆಯದೆಂದು ಕೆಲವರು ಹೇಳುವರು. ಅಂಥ ನೇಮಕಗಳು ನಡೆಯುವುದೇ ಇಲ್ಲವೆಂದು ನಾನು ವಾದಿಸಲಾರೆನು. ಆದರೆ ಶಿಫಾರಸು ಬಾಗಿಲನ್ನು ತೆರೆಸೀತು, ಒಣಗುತ್ತಿರುವ ಬೆಳೆಯನ್ನು ಉಳಿಸಲಾರದು. ಮಂಡ್ಯದ ವಿ. ಸಿ. ಫಾರಂನಲ್ಲಿ ನಮ್ಮ ರಾಗಿಯನ್ನು ಆಫ್ರಿಕದ ರಾಗಿಯೊಡನೆ ಸಂಕರಗೊಳಿಸಿ ಇಂಡಾಫ್ ತಳಿಗಳನ್ನು ಕೊಟ್ಟ ಲಕ್ಷ್ಮಣಯ್ಯನವರ ಹೆಸರನ್ನು ರೈತರು ನೆನೆಯುವುದು ಅವರ ಕೆಲಸದಿಂದಲೇ ಹೊರತು ಯಾರ ಪತ್ರದಿಂದಲೂ ಅಲ್ಲ.

ಕೆಲಸವನ್ನು ಕೊಡುವ ಮಹನೀಯರಲ್ಲಿಯೂ ಒಂದು ವಿಜ್ಞಾಪನೆಯುಂಟು. ಅಭ್ಯರ್ಥಿಗಳನ್ನು ಕೊಠಡಿಯಲ್ಲಿ ಕುಳ್ಳಿರಿಸಿ ಪ್ರಶ್ನಿಸುವುದರೊಡನೆ ಒಂದು ಗಂಟೆಯ ಕಾಲ ಹೊಲಕ್ಕೂ ಕರೆದೊಯ್ಯಿರಿ. ಹಳ್ಳಿಯ ಬಡ ಮನೆಯಿಂದ ಬಂದು, ಮಾತಿನಲ್ಲಿ ಹಿಂಜರಿಯುವ ಎಷ್ಟೋ ಸಮರ್ಥರು ಅಲ್ಲಿ ನಿಮ್ಮ ಕಣ್ಣಿಗೆ ಬೀಳುವರು. ತರುಣರೇ, ನೀವಾದರೋ ಆ ಕರೆಯು ಬರುವುದಕ್ಕೆ ಮುಂಚೆಯೇ ಗುದ್ದಲಿಯ ಹಿಡಿಯನ್ನು ಪರಿಚಯಮಾಡಿಕೊಳ್ಳಿರಿ.