ಮುಳ್ಳು ಹೇಳುವ ಸುಳ್ಳು

ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದ ಗೃಹಸ್ಥರೊಬ್ಬರಿದ್ದಾರೆಂದು ಇಟ್ಟುಕೊಳ್ಳಿ. ಪ್ರತಿ ಭಾನುವಾರ ಬೆಳಿಗ್ಗೆ ತಮ್ಮ ಹಳೆಯ ಅಂಬಾಸಿಡರ್ ಕಾರಿನಲ್ಲಿ ಪತ್ನೀಸಮೇತರಾಗಿ ಶಿವಮೊಗ್ಗದ ಮಗಳ ಮನೆಗೆ ಹೊರಡುವುದು ಅವರ ಪದ್ಧತಿ. ದಾರಿ ಇಪ್ಪತ್ತು ಕಿಲೋಮೀಟರಿನ ಆಸುಪಾಸು. ಊರೊಳಗೆ ಸಾಧುವಾಗಿದ್ದ ವೇಗಮಾಪಕದ ಮುಳ್ಳು ಮಾಚೇನಹಳ್ಳಿ ಸಮೀಪಿಸುತ್ತಲೇ ೪೦ಕ್ಕೂ ೭೦ಕ್ಕೂ ನಡುವೆ ಕುಣಿಯತೊಡಗುತ್ತದೆ. ಯಜಮಾನರ ಕಾಲು ಪೆಡಲಿನ ಮೇಲೆ ಕದಲಿಲ್ಲ, ಎಂಜಿನ್ನಿನ ದನಿಯೂ ಬದಲಾಗಿಲ್ಲ. ಮುಳ್ಳಿಗೆ ಮಾತ್ರ ಸಮಾಧಾನವಿಲ್ಲ.

“ಅಪ್ಪಾ, ಆ ಕಾರಿನ ಸಹವಾಸ ಇನ್ನು ಸಾಕು. ಅಮ್ಮನನ್ನು ಕರೆದುಕೊಂಡು ಬಸ್ಸಿನಲ್ಲಿ ಬನ್ನಿ” ಎಂದು ಮಗಳ ಹಟ. “ಮೀಟರೇ ಹೋಗಿದೆ ಸಾರ್, ಪೂರ್ತಿ ಬದಲಾಯಿಸಬೇಕು” ಎಂದು ಮೆಕ್ಯಾನಿಕ್ಕಿನ ತೀರ್ಪು. ಅಂಬಾಸಿಡರಿನ ತಯಾರಿಕೆಯೇ ೨೦೧೪ರಲ್ಲಿ ನಿಂತುಹೋಗಿದೆ. ಬದಲಿಗೆ ಸಿಕ್ಕುವ ಮೀಟರು ಇನ್ನೊಂದು ಮುದಿ ಗಾಡಿಯಿಂದ ಕಳಚಿದ್ದಾದರೆ, ಅದು ಇದಕ್ಕಿಂತ ಸತ್ಯವಂತನೆಂದು ನಂಬುವುದು ಹೇಗೆ?

ಮೀಟರಿಗೆ ಶಿಕ್ಷೆ ವಿಧಿಸುವ ಮೊದಲು ಅದರ ಹೊಟ್ಟೆಯೊಳಗಿನ ವ್ಯವಹಾರವನ್ನು ಅರಿಯುವುದು ಒಳ್ಳೆಯದು. ಡಯಲಿನ ಮುಳ್ಳು, ಅದರ ಕೆಳಗೆ ಓಡಿದ ದೂರವನ್ನು ತೋರಿಸುವ ಅಂಕಿಗಳು, ಇವೆರಡಕ್ಕೂ ಚಲನೆ ಬರುವುದು ಗೇರ್‌ಬಾಕ್ಸಿನಿಂದ ಹೊರಟ ಒಂದೇ ಕೇಬಲ್ಲಿನಿಂದ. ಆದರೆ ಡಯಲಿನೊಳಗೆ ಬಂದಮೇಲೆ ಅವುಗಳ ದಾರಿ ಬೇರೆ. ಅಂಕಿಗಳು ಹಲ್ಲಿಗೆ ಹಲ್ಲು ಕೂಡಿದ ಗೇರುಗಳಿಂದ ತಿರುಗುತ್ತವೆ. ಅಲ್ಲಿ ಅಂದಾಜಿಗೆ ಎಡೆಯಿಲ್ಲ. ಮುಳ್ಳಿನ ಕಥೆ ಹಾಗಲ್ಲ. ಸ್ಟ್ರಾಸ್‌ಬರ್ಗಿನ ಓಟೊ ಶುಲ್ಟ್ಸೆ ಎಂಬಾತ ೧೯೦೨ರಲ್ಲಿ ಪೇಟೆಂಟ್ ಪಡೆದ ಉಪಾಯದಂತೆ, ಕೇಬಲ್ಲು ಒಂದು ಅಯಸ್ಕಾಂತವನ್ನು ತಿರುಗಿಸುತ್ತದೆ. ಅದರ ಮಗ್ಗುಲಲ್ಲಿ, ಆದರೆ ಅದನ್ನು ಮುಟ್ಟದೆ, ಅಲ್ಯೂಮಿನಿಯಮ್ಮಿನ ಪುಟ್ಟ ಬಟ್ಟಲೊಂದಿದೆ. ಅಯಸ್ಕಾಂತ ಸುತ್ತಿದಂತೆ ಬಟ್ಟಲಿನಲ್ಲಿ ವಿದ್ಯುತ್ತಿನ ಸುಳಿಗಳೆದ್ದು ಅದು ಅಯಸ್ಕಾಂತದ ಬೆನ್ನುಹತ್ತಿ ಹೊರಡುತ್ತದೆ. ಕೂದಲೆಳೆಯಂಥ ಸ್ಪ್ರಿಂಗೊಂದು ಅದನ್ನು ಹಿಂದಕ್ಕೆ ಜಗ್ಗುತ್ತದೆ. ಈ ಹಗ್ಗಜಗ್ಗಾಟದಲ್ಲಿ ಬಟ್ಟಲು ಎಲ್ಲಿ ನಿಂತಿತೋ ಮುಳ್ಳೂ ಅಲ್ಲಿಯೇ.

ಆದುದರಿಂದ ಮುಳ್ಳನ್ನೂ ಅಂಕಿಗಳನ್ನೂ ಬೇರೆ ಬೇರೆಯಾಗಿ ವಿಚಾರಿಸಬೇಕು. ಎರಡೂ ಸತ್ತಂತೆ ಬಿದ್ದಿದ್ದರೆ ಕೇಬಲ್ಲು ತುಂಡಾಗಿರಬೇಕು, ಇಲ್ಲವೆ ಗೇರ್‌ಬಾಕ್ಸಿನ ಬಳಿ ಅದನ್ನು ತಿರುಗಿಸುವ ಹಲ್ಲು ಸವೆದಿರಬೇಕು. ಡಯಲಿನ ಹಿಂದಿನಿಂದ ಕೇಬಲ್ಲನ್ನು ಬಿಚ್ಚಿ, ಗೇರನ್ನು ನ್ಯೂಟ್ರಲ್ಲಿನಲ್ಲಿಟ್ಟು, ಮನೆಯವರೆಲ್ಲ ಸೇರಿ ಕಾರನ್ನು ನಾಲ್ಕು ಮಾರು ತಳ್ಳಿದರೆ ಸಾಕು: ಒಳತಂತಿಯ ತುದಿ ತಿರುಗಿದರೆ ದೋಷ ಡಯಲಿನಲ್ಲಿ, ತಿರುಗದಿದ್ದರೆ ಕೆಳಗೆ. ಅಂಕಿಗಳು ಓಡುತ್ತಿದ್ದು ಮುಳ್ಳೊಂದೇ ಮಲಗಿದ್ದರೆ ಕೇಬಲ್ಲು ನಿರಪರಾಧಿ. ಮುಳ್ಳು ಸರಿಯಾಗಿದ್ದು ಅಂಕಿಗಳು ನಿಂತಿದ್ದರೆ ಒಳಗಿನ ಸಣ್ಣ ಗೇರೊಂದರ ಹಲ್ಲು ಮುರಿದಿರುವುದೇ ಹೆಚ್ಚು. ಹಳೆಯ ಕಾರು ಕೊಳ್ಳುವವರು ಇದನ್ನು ಮರೆಯಬಾರದು. ಮುಳ್ಳಿನ ಲವಲವಿಕೆಗೆ ಮರುಳಾಗಿ, ಎಂದೋ ನಿಂತುಹೋದ ಅಂಕಿಗಳನ್ನು ನಂಬಿ ಹಣ ತೆತ್ತವರು ಕಡಮೆಯಿಲ್ಲ.

ಮುಳ್ಳು ಕುಣಿಯುತ್ತಿದ್ದರೆ ಮೊದಲ ಸಂಶಯ ಕೇಬಲ್ಲಿನ ಮೇಲೆ. ಒಣಗಿದ ಅಥವಾ ತುಕ್ಕು ಹಿಡಿದ ಒಳತಂತಿ ಬಾಗಿದ ಕಡೆಯಲ್ಲಿ ಕಚ್ಚಿಕೊಂಡು, ತನ್ನಲ್ಲೇ ಮುರುಚಿಕೊಂಡು, ಫಕ್ಕನೆ ಬಿಟ್ಟುಕೊಳ್ಳುತ್ತದೆ. ಮೇಲೆ ಮುಳ್ಳು ಜಿಗಿಯುತ್ತದೆ. ಮಲೆನಾಡಿನ ಸೆರಗಿನ ಈ ಊರುಗಳಲ್ಲಿ ಮಳೆಗಾಲದ ತೇವ ಕವಚದ ಬಿರುಕಿನೊಳಗೆ ಇಳಿಯುವುದು ಸಹಜ. ಯಜಮಾನರ ಕಾರಿನಲ್ಲಿ ಆದದ್ದೂ ಇದೇ. ಎಂದೋ ಬೇರೊಂದು ರಿಪೇರಿಯ ಸಮಯದಲ್ಲಿ ಕೇಬಲ್ಲನ್ನು ಡ್ಯಾಷ್‌ಬೋರ್ಡಿನ ಹಿಂದೆ ಚೂಪಾಗಿ ಬಗ್ಗಿಸಿ ಸಿಕ್ಕಿಸಿದ್ದರು. ತಂತಿಯನ್ನು ಹೊರಗೆಳೆದು ನೋಡಿದಾಗ ಆ ಬಾಗಿದೆಡೆಯಲ್ಲೇ ಎಳೆಗಳು ಸವೆದು ಬಿಚ್ಚಿಕೊಂಡಿದ್ದವು. ಹೊಸ ಕೇಬಲ್ಲನ್ನು ವಿಶಾಲವಾದ ತಿರುವಿನಲ್ಲಿ ಹಾಯಿಸಿ, ಒಳತಂತಿಗೆ ತೆಳುವಾಗಿ ಗ್ರೀಸ್ ಸವರಿ, ಡಯಲಿನ ಕಡೆಯ ಗೇಣುದ್ದವನ್ನು ಒಣದಾಗಿ ಬಿಟ್ಟರು. ಧಾರಾಳಿಗಳು ತುದಿಯವರೆಗೂ ಗ್ರೀಸ್ ಮೆತ್ತುವುದುಂಟು. ಅದು ತಂತಿಯ ಗುಂಟ ಏರಿ ಅಯಸ್ಕಾಂತಕ್ಕೂ ಬಟ್ಟಲಿಗೂ ನಡುವೆ ಅಂಟಿಕೊಂಡರೆ ಬಟ್ಟಲು ಅತಿಯಾಗಿ ಸೆಳೆಯಲ್ಪಟ್ಟು, ಎತ್ತಿನ ಗಾಡಿಯ ಹಿಂದೆ ಹೋಗುವಾಗಲೂ ಮುಳ್ಳು ರೈಲಿನ ವೇಗ ತೋರಿಸೀತು!

ಕುಣಿತ ನಿಂತ ಮೇಲೆ ಉಳಿಯುವ ಪ್ರಶ್ನೆ: ಸ್ಥಿರವಾಗಿ ನಿಂತ ಮುಳ್ಳು ನಿಜ ಹೇಳುತ್ತಿದೆಯೆ? ಇದಕ್ಕೆ ರಸ್ತೆಬದಿಯ ಕಿಲೋಮೀಟರು ಕಲ್ಲುಗಳೂ ಒಂದು ಗಡಿಯಾರವೂ ಸಾಕು. ಜನಸಂಚಾರ ವಿರಳವಾದ ಹೊತ್ತಿನಲ್ಲಿ ಮುಳ್ಳನ್ನು ೬೦ರಲ್ಲಿ ನಿಲ್ಲಿಸಿ ಐದು ಕಿಲೋಮೀಟರು ಸಾಗಬೇಕು. ಗಡಿಯಾರ ಚಾಲಕನ ಕೈಯಲ್ಲಿರಕೂಡದು. “ರೀ, ಕಲ್ಲು ಬಂತು” ಎನ್ನಲು ಮನೆಯಾಕೆ ಪಕ್ಕದಲ್ಲಿದ್ದಾರಷ್ಟೆ. ಸರಿಯಾಗಿ ಐದು ನಿಮಿಷವಾದರೆ ಮುಳ್ಳು ಪ್ರಾಮಾಣಿಕ. ಐದೂವರೆ ನಿಮಿಷವಾದರೆ ನಿಜವಾದ ವೇಗ ೫೫ರ ಹತ್ತಿರ. ನಾಲ್ಕೂವರೆಯೇ ಆದರೆ ಕಾರು ೬೬ನ್ನು ಮೀರಿ ಓಡುತ್ತಿದೆ, ಮುಳ್ಳು ಅದನ್ನು ಮುಚ್ಚಿಡುತ್ತಿದೆ. ಅಂಜಬೇಕಾದದ್ದು ಈ ಕೊನೆಯ ಸುಳ್ಳಿಗೆ. ತಯಾರಕರನ್ನು ಕಟ್ಟುವ ವಿಶ್ವಸಂಸ್ಥೆಯ ವಾಹನ ನಿಯಮ ಕೂಡ ಮುಳ್ಳು ಸ್ವಲ್ಪ ಹೆಚ್ಚು ತೋರಿಸುವುದನ್ನು ಕ್ಷಮಿಸುತ್ತದೆ, ಕಡಮೆ ತೋರಿಸುವುದನ್ನು ಕ್ಷಮಿಸುವುದಿಲ್ಲ. ಈಗ ಮೊಬೈಲ್ ಫೋನೂ ಉಪಗ್ರಹದ ನೆರವಿನಿಂದ ವೇಗ ಹೇಳುತ್ತದೆ. ನೇರ ರಸ್ತೆಯಲ್ಲಿ ಒಂದೇ ಸಮನಾಗಿ ಓಡುವಾಗ ಅದನ್ನು ಸಾಕ್ಷಿಗೆ ಕರೆಯಬಹುದು.

ಅದೇ ಐದು ಕಲ್ಲುಗಳ ನಡುವೆ ಅಂಕಿಗಳನ್ನೂ ಗಮನಿಸಬೇಕು. ಅವು ಐದನ್ನೇ ತೋರಿಸಿ ಮುಳ್ಳು ಮಾತ್ರ ತಪ್ಪಿದರೆ ಸ್ಪ್ರಿಂಗು ಸಡಿಲಿದೆ, ಅಥವಾ ಅಯಸ್ಕಾಂತದ ಬಲ ಕುಂದಿದೆ: ಮೊದಲನೆಯದರಿಂದ ಮುಳ್ಳು ಏರುತ್ತದೆ, ಎರಡನೆಯದರಿಂದ ಇಳಿಯುತ್ತದೆ. ಇದು ಮೀಟರು ಬಲ್ಲವನ ಕೆಲಸ. ಅಂಕಿಗಳೂ ಐದೂವರೆ ಎಂದರೆ ಡಯಲನ್ನು ಬಿಟ್ಟು ಚಕ್ರಗಳ ಕಡೆ ನೋಡಬೇಕು. ಯಾರೋ ಚಿಕ್ಕ ಅಳತೆಯ ಟೈರು ಹಾಕಿರುತ್ತಾರೆ. ಚಕ್ರ ಹೆಚ್ಚು ಸುತ್ತು ಸುತ್ತಿ ದೂರವನ್ನೂ ವೇಗವನ್ನೂ ಒಟ್ಟಿಗೆ ಉಬ್ಬಿಸುತ್ತದೆ. ಲೀಟರಿಗೆ ಇಷ್ಟು ಕಿಲೋಮೀಟರು ಕೊಡುತ್ತದೆಂಬ ಜಂಬವೂ ಆಗ ಅಷ್ಟೇ ಪೊಳ್ಳು.

ಯಜಮಾನರಿಗೆ ಐದು ಕಿಲೋಮೀಟರಿಗೆ ಹಿಡಿದದ್ದು ಐದು ನಿಮಿಷ ಹತ್ತು ಸೆಕೆಂಡು, ಎಂದರೆ ೫೮. ಲೆಕ್ಕ ಬರೆದ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು ಮಗಳ ಮನೆಯ ಮುಂದೆ ಇಳಿದರು. ಆಕೆ ಚೀಟಿಯನ್ನು ಪೂರ್ತಿ ಓದಿ, ಮಡಿಸಿ ಹಿಂದಕ್ಕೆ ಕೊಟ್ಟು ಕೇಳಿದಳು:

“ಸರಿ ಅಪ್ಪಾ, ಬ್ರೇಕು ಯಾವಾಗ ತೋರಿಸಿದ್ದು?”