ಜ್ವರ ಬಿಟ್ಟ ಮೇಲೆ ಸ್ಕ್ಯಾನಿಂಗ್ ಯಾಕೆ?

ಮೈಸೂರಿನ ನಜರ್‌ಬಾದ್‌ನ ಮನೆಯೊಂದರಲ್ಲಿ ಹತ್ತು ತಿಂಗಳ ಕೂಸಿಗೆ ಮೂರು ದಿನದಿಂದ ಜ್ವರ ಎಂದಿಟ್ಟುಕೊಳ್ಳಿ. ನೆಗಡಿಯಿಲ್ಲ, ಕೆಮ್ಮಿಲ್ಲ. 'ಹಲ್ಲು ಬರ್ತಿದೆ, ಉಷ್ಣ ಆಗಿದೆ, ಬಾರ್ಲಿ ನೀರು ಕುಡಿಸಮ್ಮ' ಎನ್ನುತ್ತಾರೆ ಅಜ್ಜಿ. ಬಾರ್ಲಿ ನೀರಿನಿಂದ ಕೇಡೇನಿಲ್ಲ. ಅದನ್ನು ನಂಬಿ ಕಳೆಯುವ ದಿನಗಳಿಂದ ಕೇಡಿದೆ. ಕಾರಣ ಕಾಣದ ಜ್ವರದ ಹಿಂದೆ ಮೂತ್ರದ ಸೋಂಕು ಇರಬಹುದು. ಉರಿಯುತ್ತದೆ ಎಂದು ಹೇಳಲು ಕೂಸಿಗೆ ಮಾತು ಬಾರದು.

ಸೋಂಕನ್ನು ಹಿಡಿಯುವುದು ಸ್ಕ್ಯಾನಿಂಗ್ ಅಲ್ಲ, ಮೂತ್ರ ಪರೀಕ್ಷೆ. ಆಂಟಿಬಯಾಟಿಕ್ ಶುರುವಾಗುವ ಮುನ್ನವೇ ಮೂತ್ರವನ್ನು ಕಲ್ಚರ್‌ಗೆ ಕೊಡಬೇಕು. ಮೆಡಿಕಲ್ ಶಾಪಿನಿಂದ ತಾವಾಗಿಯೇ ತಂದ ಸಿರಪ್ಪು ಒಂದೆರಡು ಬಾರಿ ಹೊಟ್ಟೆಗೆ ಹೋದರೂ ಯಾವ ಕ್ರಿಮಿ, ಯಾವ ಔಷಧಕ್ಕೆ ಬಗ್ಗುತ್ತದೆ ಎಂಬ ಸುಳಿವು ಅಳಿಸಿಹೋಗಬಹುದು.

ಜ್ವರ ಬಿಟ್ಟು ಮಗು ಆಡತೊಡಗಿದ ಮೇಲೆ ಡಾಕ್ಟರು ಸ್ಕ್ಯಾನಿಂಗ್‌ಗೆ ಬರೆದುಕೊಡುತ್ತಾರೆ. 'ಅದು ಬಸುರಿಯರಿಗೆ ಮಾಡೋದಲ್ವೇ?' ಎಂದು ಅಜ್ಜಿಗೆ ಅನುಮಾನ. ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ ಎಂಬ ಫಲಕ (1994ರ ಕಾಯಿದೆಯ ಫಲ) ಬಾಗಿಲಲ್ಲೇ ಇರುವಾಗ ಯಾರಿಗಾದರೂ ಹಾಗನ್ನಿಸೀತು. ಇಲ್ಲಿ ಹುಡುಕುವುದು ಬೇರೆ: ಮೂತ್ರಪಿಂಡ ಊದಿದೆಯೇ, ನಾಳದಲ್ಲಿ ತಡೆಯಿದೆಯೇ, ಮೂತ್ರಚೀಲದ ಗೋಡೆ ದಪ್ಪಗಾಗಿದೆಯೇ. ನಿಂತ ನೀರಿಗೆ ಪಾಚಿ ಕಟ್ಟುವಂತೆ, ತಡೆಯಿದ್ದಲ್ಲಿ ಸೋಂಕು ಮರಳಿ ಬರುತ್ತದೆ. ಮೂತ್ರಪಿಂಡದಲ್ಲಿ ಕಲೆ ಉಳಿಸಬಹುದು. ಕಲೆ ಹೆಚ್ಚಿದರೆ ಮುಂದೆ ರಕ್ತದೊತ್ತಡ, ಮೂತ್ರಪಿಂಡದ ದೌರ್ಬಲ್ಯ. ಗಂಡುಮಗು ಧಾರೆಯಾಗಿ ಉಚ್ಚೆ ಹೊಯ್ಯದೆ ತೊಟ್ಟಿಕ್ಕಿಸುತ್ತಿದ್ದರಂತೂ ತಡಮಾಡುವ ಹಾಗೇ ಇಲ್ಲ.

ಇದರಲ್ಲಿ ಎಕ್ಸ್‌ರೇ ಕಿರಣವಿಲ್ಲ. ಕಿವಿಗೆ ಕೇಳಿಸದ ಶಬ್ದದ ಪ್ರತಿಧ್ವನಿಯಿಂದ ಚಿತ್ರ ಮೂಡುತ್ತದೆ. ಹೊಟ್ಟೆಗೆ ತಣ್ಣನೆಯ ಜೆಲ್ ಹಚ್ಚಿದಾಗ ಕೂಸು ಅತ್ತೀತು, ಅಷ್ಟೆ. ದೊಡ್ಡ ಮಕ್ಕಳು ನೀರು ಕುಡಿದು ತಡೆದುಕೊಂಡಿರಬೇಕು. ಮೂತ್ರ ಮಾಡಿಸಿ ಇನ್ನೊಮ್ಮೆ ನೋಡುವುದೂ ಉಂಟು.

'ನಾರ್ಮಲ್' ಎಂದು ರಿಪೋರ್ಟು ಬಂದ ಕೂಡಲೇ ಔಷಧ ನಿಲ್ಲಿಸುವವರಿದ್ದಾರೆ. ಅದು ತಪ್ಪು. ಮೂತ್ರಚೀಲದಿಂದ ಮೂತ್ರ ಹಿಮ್ಮುಖವಾಗಿ ಮೇಲೇರುವ ದೋಷ ಸ್ಕ್ಯಾನಿಂಗ್‌ನಲ್ಲಿ ಕಾಣದೆಯೂ ಇರಬಹುದು. ಅದನ್ನು ತೋರಿಸುವುದು ನಳಿಕೆ ಹಾಕಿ ದ್ರವ ತುಂಬಿಸಿ ತೆಗೆಯುವ ಎಕ್ಸ್‌ರೇ. ಒಂದು ಕಾಲಕ್ಕೆ ಮೊದಲ ಸೋಂಕಿಗೇ ಎಳೆಮಕ್ಕಳಿಗೆ ಆ ಹಿಂಸೆ ತಪ್ಪುತ್ತಿರಲಿಲ್ಲ. ಅದು ಎಲ್ಲರಿಗೂ ಬೇಡ, ಸ್ಕ್ಯಾನಿಂಗ್‌ನಲ್ಲಿ ದೋಷ ಕಂಡರೆ ಅಥವಾ ಸೋಂಕು ಮರುಕಳಿಸಿದರೆ ಸಾಕು ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2011ರಲ್ಲಿ ಹೇಳಿತು.

ರಿಪೋರ್ಟು ನಾರ್ಮಲ್ ಬಂದ ಮನೆಯಲ್ಲೂ, ಮತ್ತೆ ಅಂಥ ಜ್ವರ ಬಂದರೆ ಒಂದೆರಡು ದಿನದೊಳಗೆ ಮೂತ್ರ ಪರೀಕ್ಷೆಯಾಗಬೇಕು. ಹಳೆಯ ಕಲ್ಚರ್ ರಿಪೋರ್ಟನ್ನೂ ಜೊತೆಗೆ ಒಯ್ಯಬೇಕು.